ತೀರಿಹೋದ ನಾಯಕರ ಬಗ್ಗೆ ಬರಿಬೇಕಾದ್ರ ‘ಇದ್ದಾರೆ’ನೋ ‘ಇದ್ದರು’ನೋ?

ಜೇವರ್ಗಿಯವಳು
ನಮಸ್ಕಾರ್ರಿ. ನಮ್ಮ ಸಾಲಿ ಗೋಡೆಪತ್ರಿಕೆಗೆ ಧರಂ ಸಿಂಗ್ ಅವರ ಮ್ಯಾಲ ಒಂದು ಪುಟ ಬರಿಲಾಕತ್ತೀನಿ. ಮೊದಲ "2004ರಲ್ಲಿ ಮುಖ್ಯಮಂತ್ರಿಯಾಗಿದ್ದಾರೆ, 2009ರಲ್ಲಿ ಬೀದರ್‌ನಿಂದ ಲೋಕಸಭೆಗೆ ಗೆದ್ದಿದ್ದಾರೆ" ಅಂತ ಬರ್ದಿದ್ದೆ, ಹಿರಿ ಟೀಚರ್ ಒಬ್ರು ನೋಡಿ ಅವರು 2017ರಾಗೇ ತೀರಿಕೊಂಡಾರಲ್ಲ, ಎಲ್ಲಾ ಭೂತಕಾಲಕ್ಕ ತಿದ್ದು ಅಂದ್ರು. ಖರೇ ಅನಿಸ್ತು, ರಾತ್ರಿ ಕೂತು ಒಂದೂ ಬಿಡದಂಗ ತಿದ್ದಿದೆ. ಈಗ "ನೇಲೋಗಿ ಅವರ ಹುಟ್ಟೂರಾಗಿತ್ತು, ಅಜಯ್ ಸಿಂಗ್ ಅವರ ಮಗನಾಗಿದ್ದರು" ಅಂತ ಆಗ್ಯದ. ನೇಲೋಗಿ ಇಲ್ಲೇ ನಮ್ಮ ತಾಲೂಕಿನಾಗ ಅದ, ಮಗ ನಮ್ಮ ಶಾಸಕರು, ಓದಿದ್ರ ಎದಿ ಝಲ್ ಅಂತದ. ಎಲ್ಲಿ ಯಾವ ಕಾಲ ಹಾಕ್ಬೇಕ್ರಿ?

ಡೆಸ್ಕ್ ಕಲಬುರಗಿ
ಪೇಪರ್ ಕೆಲಸದಾಗ ದಿನಾ ಬರೋ ಪ್ರಶ್ನೆ ಇದು ಅಕ್ಕಾರ. ಮನುಷ್ಯ ಹೋದ್ರಂತ ವಾಕ್ಯದಾಗಿಂದೆಲ್ಲಾ ಹೋಗಂಗಿಲ್ಲ. ಯಾವ ಮಾತು ಮುಗದದ, ಯಾವುದು ಇನ್ನೂ ಅದ ಅಂತ ನೋಡ್ರಿ. ಮುಖ್ಯಮಂತ್ರಿ ಆಗಿದ್ದು ಮುಗದದ, ‘ಆದರು’ ಅಂತ ಬರೀರಿ. ಹುಟ್ಟೂರು, ಮಗ ಅನ್ನೋದಕ್ಕ ಕ್ರಿಯಾಪದನೇ ಬ್ಯಾಡ. "ಹುಟ್ಟೂರು ಜೇವರ್ಗಿ ತಾಲೂಕಿನ ನೇಲೋಗಿ" ಅಂದ್ರ ಸಾಕು, ಕನ್ನಡದಾಗ ಅದೇ ಪೂರ್ತಿ ವಾಕ್ಯ.
ಇನ್ನೊಂದು, ಭೂತಕಾಲ ಅಂದ ಕೂಡ್ಲೆ ಮಂದಿ ಸಾಲುಸಾಲಿಗೂ ‘ಇದ್ದರು’ ಸೇರಿಸ್ತಾರ, ಹುಟ್ಟಿದ್ದರು, ಓದಿದ್ದರು, ಗೆದ್ದಿದ್ದರು, ಓದೋರಿಗೆ ದಣಿವಾಗ್ತದ. ಅದು ಬೇಕಾಗೋದು ಹಿಂದಿನ ಘಟನೆಗಿಂತ ಇನ್ನೂ ಹಿಂದಕ್ಕ ಹೋಗ್ಬೇಕಾದಾಗ. ನಮ್ಮ ಚಿಂಚೋಳಿ ವೀರೇಂದ್ರ ಪಾಟೀಲರನ್ನೇ ತಗೋರಿ: "1989ರಲ್ಲಿ ಎರಡನೇ ಸಲ ಮುಖ್ಯಮಂತ್ರಿಯಾದರು. ಅದಕ್ಕೂ ಮೊದಲು, 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಎದುರು ಸೋತಿದ್ದರು." ಇಲ್ಲಿ ‘ಸೋತರು’ ಅಂದ್ರ ಹಿಂದುಮುಂದು ಕೆಡ್ತದ.

ಬೀದರ್ ಕನ್ನಡ ಮಾಸ್ತರ
ಒಪ್ಪಿದೆ. ಒಂದು ಸೇರಿಸ್ತೀನಿ, ಸಾಲ್ಯಾಗ ನಾನು "ಬಸವಣ್ಣನವರು ಹೇಳುತ್ತಾರೆ" ಅಂತನೇ ಹೇಳ್ತೀನಿ, ಎಂಟುನೂರು ವರ್ಷದ ಮ್ಯಾಲಾಯ್ತು, ಯಾರೂ ತಪ್ಪು ಅಂದಿಲ್ಲ, ಯಾಕಂದ್ರ ವಚನ ಕಣ್ಣ ಮುಂದ ಅದ. ಆದ್ರ "ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರು" ಅಂತ ಬರಿಬೇಕು. ಒಂದೇ ಪ್ಯಾರಾದಾಗ ಎರಡೂ ಬರಬಹುದು. ಮತ್ತ ‘ದಿವಂಗತ’ ಒಂದೇ ಸಲ ಸಾಕ್ರಿ. "ದಿವಂಗತರು 1968ರಲ್ಲಿ ಪ್ರಮಾಣವಚನ ಸ್ವೀಕರಿಸಿದರು" ಅಂತ ಬರದದ್ದು ನೋಡೀನಿ, ಪ್ರಮಾಣವಚನ ತಗೊಂಡಾಗ ಅವರು ಬದುಕೇ ಇದ್ರಲ್ಲ.

ಯಾದಗಿರಿ ಓದುಗ
ನನ್ನದೊಂದು ತಕರಾರು ಅದ. ನಮ್ಮ ಕಡಿ ಮಾತನಾಗ ಹೋದವರಿಗೂ ‘ಮಾಡ್ಯಾರ’ ಅಂತನೇ ಅಂತೀವಿ. ನಮ್ಮಜ್ಜ ಹೋಗಿ ಹನ್ನೆರಡು ವರ್ಷ ಆಯ್ತು, ಹಿತ್ತಲದಾಗಿನ ಬೇವಿನ ಗಿಡ ತೋರಿಸಿ ಅವ್ವ ಇವತ್ತಿಗೂ "ನಿಮ್ಮಜ್ಜ ಹಚ್ಯಾನ" ಅಂತಾಳ, ‘ಹಚ್ಚಿದ್ದ’ ಅಂದ್ರ ಗಿಡನೂ ಹೋಯ್ತೇನೋ ಅನಿಸ್ತದ. ಅದನ್ನೇ ಗ್ರಂಥದ ಕನ್ನಡಕ್ಕ ತಂದ್ರ ‘ನೆಟ್ಟಿದ್ದಾನೆ’ ಆಗ್ತದ, ಅದಕ್ಕ ಟೀಚರ್ ಕೆಂಪು ಗೆರಿ ಹಾಕ್ತಾರ. ಮಾಡಿದ ಕೆಲಸ ಉಳದಿದ್ರ ಆ ರೂಪ ತಪ್ಪಂತ ನನಗ ಅನಸಂಗಿಲ್ಲ.

ಡೆಸ್ಕ್ ಕಲಬುರಗಿ
ಮಾತು ಖರೇ ಅದ. ಆದ್ರ ಅಚ್ಚಿನಾಗ "ಗೆದ್ದಿದ್ದಾರೆ" ಅಂತ ಓದಿದವರು, ಬದುಕಿದ್ದಾರ, ಮುಂದಿನ ಎಲೆಕ್ಷನ್‌ಗೂ ನಿಲ್ತಾರ ಅಂತ ತಿಳ್ಕೋತಾರ. ಕೆಲಸ ಉಳದದ ಅಂದ್ರ ಕೆಲಸನ್ನೇ ಮುಂದ ಇಡ್ರಿ. "ಅವರು ನೆಟ್ಟ ಗಿಡ ಇಂದಿಗೂ ಹಿತ್ತಲಲ್ಲಿದೆ." ನೆಟ್ಟಿದ್ದು ಮುಗೀತು, ಗಿಡ ಅದ.

ಜೇವರ್ಗಿಯವಳು
ಎಲ್ಲರಿಗೂ ಶರಣು. ಹಿಂಗ ತಿದ್ದೀನಿ: "ಧರಂ ಸಿಂಗ್ ಅವರ ಹುಟ್ಟೂರು ಜೇವರ್ಗಿ ತಾಲೂಕಿನ ನೇಲೋಗಿ. 2004ರ ಮೇ 28ರಂದು ಮುಖ್ಯಮಂತ್ರಿಯಾದರು. 2009ರಲ್ಲಿ ಬೀದರ್‌ನಿಂದ ಲೋಕಸಭೆಗೆ ಗೆದ್ದರು. 2017ರ ಜುಲೈ 27ರಂದು ತೀರಿಕೊಂಡರು. ಮಗ ಅಜಯ್ ಸಿಂಗ್ ಈಗ ಜೇವರ್ಗಿ ಶಾಸಕರು." ನಾಳಿ ಟೀಚರ್‌ಗೆ ತೋರಿಸ್ತೀನ್ರಿ.