ಗಿಫ್ಟ್: ಜರ್ಮನಿಯಲ್ಲಿ ವಿಷ, ಸ್ವೀಡನ್ನಿನಲ್ಲಿ ಮದುವೆ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಜರ್ಮನಿಗೆ ಬಂದು ಎಂಟು ತಿಂಗಳಾಯಿತು. ಮೊನ್ನೆ ಊರಿನಿಂದ ಬಂದ ಸಿಹಿಯ ಡಬ್ಬಿಯನ್ನು ಕಚೇರಿಗೆ ಒಯ್ದಿದ್ದೆ. ಅಮ್ಮ ಅಂಟಿಸಿದ್ದ ‘ಗಿಫ್ಟ್’ ಚೀಟಿ ಮೇಲೆ ಹಾಗೆಯೇ ಇತ್ತು. ಸಹೋದ್ಯೋಗಿಯೊಬ್ಬರು ಮೈಸೂರು ಪಾಕಿನ ತುಂಡನ್ನು ಕೈಯಲ್ಲಿ ಹಿಡಿದು, ‘ತಿಂದರೆ ನಾಳೆ ಕೆಲಸಕ್ಕೆ ಬರುತ್ತೇನೆ ತಾನೆ?’ ಎಂದು ನಕ್ಕರು. ಜರ್ಮನ್ನಿನಲ್ಲಿ ಗಿಫ್ಟ್ ಎಂದರೆ ವಿಷವಂತೆ. ಸ್ವೀಡನ್ನಿನಲ್ಲಿರುವ ತಂಗಿಯನ್ನು ಕೇಳಿದರೆ, ಅಲ್ಲಿ ಅದಕ್ಕೆ ‘ಮದುವೆಯಾದ’ ಎಂಬ ಅರ್ಥವೂ ಇದೆ ಎಂದಳು. ಇವೆಲ್ಲ ಒಂದೇ ಪದವೋ, ಕಾಕತಾಳೀಯವೋ?

ಉತ್ತರ: ಒಂದೇ ಪದ. ಜರ್ಮನ್ ಕಲಿಸುವ ನನಗೆ ಪ್ರತಿ ಹೊಸ ತರಗತಿಯಲ್ಲೂ ಈ ಪ್ರಶ್ನೆ ಎದುರಾಗುತ್ತದೆ. ಇಂಗ್ಲಿಷಿನ ಗಿವ್, ಜರ್ಮನ್ನಿನ ಗೇಬೆನ್, ಸ್ವೀಡಿಷಿನ ಯೀವ, ಎಲ್ಲವೂ ‘ಕೊಡು’ ಎಂಬ ಒಂದೇ ಬೇರಿನವು. ಅದರಿಂದ ಹುಟ್ಟಿದ ನಾಮಪದ ಗಿಫ್ಟ್. ನಮ್ಮಲ್ಲಿ ‘ಕೊಡು’ವಿನಿಂದ ‘ಕೊಡುಗೆ’ ಆದಂತೆ. ಏನನ್ನು ಕೊಟ್ಟರು ಎಂಬಲ್ಲಿ ದಾರಿಗಳು ಕವಲೊಡೆದವು.

ಮದುವೆಯ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ‘ದೊಡ್ಡ ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀರಿ?’ ಎಂದು ಕೇಳುವವರು, ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎನ್ನುವವರು ನಾವು. ಸ್ವೀಡಿಷಿನ ‘ಗಿಫ್ಟ್’ ಕೂಡ ಮೂಲದಲ್ಲಿ ‘ಕೊಟ್ಟ ಹೆಣ್ಣು’. ಈಗ ಗಂಡಿಗೂ ಅದೇ ಪದ. ಹಳೆಯ ಇಂಗ್ಲಿಷಿನಲ್ಲಿ ಗಿಫ್ಟ್ ಎಂದರೆ ಹೆಣ್ಣಿಗೆ ತೆರುವ ತೆರ, ಬಹುವಚನದಲ್ಲಿ ಮದುವೆ. ಜರ್ಮನ್ನಿನಲ್ಲಿ ಬಳುವಳಿಗೆ ಈಗಲೂ ‘ಮಿಟ್‌ಗಿಫ್ಟ್’ ಎನ್ನುತ್ತಾರೆ: ಜೊತೆಗೆ ಕೊಟ್ಟದ್ದು. ವಿಷವಲ್ಲ, ಹೆದರಬೇಡಿ.

ವಿಷದ ಕಥೆ ಇನ್ನೂ ಸ್ವಾರಸ್ಯಕರ. ಗ್ರೀಕ್ ವೈದ್ಯರು ಒಂದು ಸಲಕ್ಕೆ ಕೊಡುವ ಔಷಧಿಯನ್ನು ‘ದೋಸಿಸ್’, ಅಂದರೆ ‘ಕೊಡುವಿಕೆ’ ಎಂದರು. ಇಂದಿನ ಡೋಸ್ ಬಂದದ್ದು ಅಲ್ಲಿಂದ. ಸಂಸ್ಕೃತದ ‘ದಾನ’ಕ್ಕೂ ಅದಕ್ಕೂ ಬೇರು ಒಂದೇ. ಆ ಪದ ಲ್ಯಾಟಿನ್ನಿಗೆ ಹೋಯಿತು. ಸುಮಾರು ಸಾವಿರ ವರ್ಷಗಳ ಹಿಂದಿನ ಜರ್ಮನ್ನರು ಅದರ ಅಚ್ಚಿನಲ್ಲೇ ತಮ್ಮ ‘ಗಿಫ್ಟ್’ಗೆ ಹೊಸ ಅರ್ಥ ಕೊಟ್ಟರು ಎಂಬುದು ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುವ ವಿವರಣೆ. ಕೆಟ್ಟದ್ದನ್ನು ನೇರವಾಗಿ ಹೆಸರಿಸಲು ನಾಲಗೆ ಹಿಂಜರಿಯುತ್ತದಲ್ಲ, ಹಾಗೆ ‘ಕೊಟ್ಟದ್ದು’ ಎಂದರೆ ವಿಷ ಎಂದೇ ಆಯಿತು. ನಮ್ಮ ‘ಮದ್ದು’ ನೋಡಿ. ಜ್ವರಕ್ಕೆ ಕುಡಿಸುವುದೂ ಮದ್ದು, ಆಗದವರು ಊಟದಲ್ಲಿ ಹಾಕಿದರು ಎನ್ನುವುದೂ ಮದ್ದು. ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಎಂದರೆ ಉಪಕಾರ ಮಾಡಿದ್ದಾರೆ ಎಂದು ಯಾರೂ ತಿಳಿಯುವುದಿಲ್ಲ.

ಡಚ್ಚರು ಜಾಣರು. ದಾನ, ದೇಣಿಗೆಗೆ ‘ಖಿಫ್ಟ್’ ಇಟ್ಟುಕೊಂಡು, ವಿಷಕ್ಕೆ ಕೊನೆಯ ಟಕಾರ ಉದುರಿಸಿ ‘ಖಿಫ್’ ಎಂದರು. ಆದರೆ ‘ವಿಷಕಾರಿ’ ಎನ್ನುವಾಗ ‘ಖಿಫ್ಟಖ್’ ಎಂದು ಆ ಟಕಾರ ಮತ್ತೆ ಇಣುಕುತ್ತದೆ!

ಇನ್ನೊಬ್ಬ ಸದಸ್ಯರು: ಹಾಗಾದರೆ ಮದುವೆಯೂ ವಿಷವೂ ಒಂದೇ ಎನ್ನುವುದು ಸ್ವೀಡನ್ನಿನವರ ಅನುಭವದ ಮಾತೇ ಮೇಡಂ?

ಉತ್ತರ: ಆ ಹಾಸ್ಯ ಅಲ್ಲಿಯೂ ಸವೆದುಹೋಗಿದೆ ಸರ್. ಮದುವೆಯ ಅರ್ಥ ಅವರ ಮನೆಯದೇ. ವಿಷದ ಅರ್ಥ ಜರ್ಮನ್ ಕಡೆಯಿಂದ ಬಂದು ಸೇರಿಕೊಂಡದ್ದು. ಎರಡನ್ನೂ ‘ಯಿಫ್ಟ್’ ಎಂದೇ ಉಚ್ಚರಿಸುತ್ತಾರೆ. ಹಳೆಯ ಇಂಗ್ಲಿಷಿನಲ್ಲೂ ಉಚ್ಚಾರ ಹಾಗೆಯೇ ಇತ್ತು. ಇಂದಿನ ಗಟ್ಟಿ ಗಕಾರ, ‘ಉಡುಗೊರೆ’ ಎಂಬ ಅರ್ಥ, ಎರಡಕ್ಕೂ ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯೇ ಕಾರಣ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ ಮೇಡಂ. ಮುಂದಿನ ಡಬ್ಬಿಯ ಮೇಲೆ ಏನು ಬರೆಯಲು ಅಮ್ಮನಿಗೆ ಹೇಳಲಿ?

ಉತ್ತರ: ‘ಗೆಶೆಂಕ್’ ಎಂದು ಬರೆಸಿ. ಅದರ ಹಿಂದಿರುವ ‘ಶೆಂಕೆನ್’ ಕ್ರಿಯಾಪದಕ್ಕೆ ಮೊದಲಿದ್ದ ಅರ್ಥ ಬಟ್ಟಲಿಗೆ ಪಾನೀಯ ಸುರಿದುಕೊಡುವುದು. ಇತ್ತ ಫ್ರೆಂಚಿನಲ್ಲಿ ವಿಷಕ್ಕಿರುವ ‘ಪ್ವಾಝೋಂ’ ಹುಟ್ಟಿದ್ದು ‘ಪಾನೀಯ’ ಎಂಬ ಲ್ಯಾಟಿನ್ ಪದದಿಂದ. ಒಬ್ಬರಿಗೆ ಕೊಟ್ಟದ್ದು ವಿಷ, ಸುರಿದದ್ದು ಉಡುಗೊರೆ. ಇನ್ನೊಬ್ಬರಿಗೆ ಕುಡಿದದ್ದೇ ವಿಷ. ಅಂದ ಹಾಗೆ, ಆ ಸಹೋದ್ಯೋಗಿ ಮೈಸೂರು ಪಾಕನ್ನು ತಿಂದರೇ?

ಪ್ರಶ್ನೆ ಕೇಳಿದವರು: ನಾಲ್ಕು ತುಂಡು ತಿಂದರು ಮೇಡಂ. ಮರುದಿನ ಕೆಲಸಕ್ಕೂ ಬಂದರು.