ಲ್ಯಾಬಲ್ಲೂ ಸಭೆಯಲ್ಲೂ ಸೃಷ್ಟಿ ಬಗ್ಗೆ ಒಂದೇ ಮಾತು ಹೇಳ್ಲಿಕ್ಕೆ ಆಗ್ತದಾ?

ತೆಂಗಿನಗರಿ:
ಸ್ವಲ್ಪ ಉದ್ದ ಉಂಟು, ಬೇಜಾರು ಮಾಡ್ಬೇಡಿ. ನಾನು ತೆಂಗಿನ ಜೆನೆಟಿಕ್ಸಲ್ಲಿ ಪಿಎಚ್‌ಡಿ ಮಾಡ್ತಾ ಇದ್ದೇನೆ. ಮನೆ ಮಂಜೇಶ್ವರ ಹತ್ರ, ಸಣ್ಣದಿರುವಾಗಿಂದ ಸಭೆಯಲ್ಲೇ (ಚರ್ಚಲ್ಲೇ) ಬೆಳೆದವ, ಬೈಬಲಿನ ಆದಿಕಾಂಡ ಒಂದನೇ ಅಧ್ಯಾಯ ಬಾಯಿಪಾಠ ಹೇಳಿ ಸಂಡೇ ಸ್ಕೂಲಲ್ಲಿ ಸ್ಟೀಲ್ ಲೋಟ ಪ್ರೈಸ್ ತಗೊಂಡವ. ಇದೆಲ್ಲ ದೇವರು ಮಾಡಿದ್ದು ಅಂತ ನಾನು ಈಗ್ಲೂ ನಂಬ್ತೇನೆ.

ಓಣಂ ರಜೆಯಲ್ಲಿ ಯೂತ್ ಕ್ಯಾಂಪ್ ಉಂಟು. ಸಭೆಯ ಪಾಸ್ಟರ್ ಅಯ್ಯನವರು "ನಮ್ಮಲ್ಲಿ ಸೈಂಟಿಸ್ಟ್ ಅಂತ ಇರುವುದು ನೀನೊಬ್ಬ, ನೀನೇ ಮಾತಾಡು" ಅಂದ್ರು, ನಾನೂ ಆಯ್ತು ಅಂದೆ. ಮೊನ್ನೆ ವಾಟ್ಸಾಪಿಗೆ ಪೋಸ್ಟರ್ ಬಂತು, ನೋಡಿದ್ರೆ "ಡಾರ್ವಿನ್ ಸುಳ್ಳು: ವಿಜ್ಞಾನಿಯ ಸಾಕ್ಷಿ" ಅಂತ ಹೆಡ್ಡಿಂಗ್, ಕೆಳಗೆ ನನ್ನ ಫೋಟೋ, ಹೆಸರಿನ ಮುಂದೆ ಡಾ. ಅಂತ ಬೇರೆ. ಥೀಸಿಸಿನ ಎರಡು ಚಾಪ್ಟರ್ ಇನ್ನೂ ಬರೆದೇ ಆಗ್ಲಿಲ್ಲ ಮಾರಾಯ್ರೆ.

ಲ್ಯಾಬಲ್ಲಿ ಇನ್ನೊಂದು ಥರ. ಊಟಕ್ಕೆ ಕೂತಾಗ ಸೀನಿಯರ್ ಒಬ್ರು "ಆರು ದಿನದಲ್ಲಿ ಲೋಕ ಮುಗಿಸಿದ ದೇವರಿಗೆ ನಿನ್ನ ಥೀಸಿಸ್ ಮುಗಿಸ್ಲಿಕ್ಕೆ ಹೇಳು" ಅಂತಾರೆ, ಎಲ್ಲರೂ ನಗ್ತಾರೆ, ನಾನೂ ನಗ್ತೇನೆ, ಆಮೇಲೆ ರಾತ್ರಿ ನಿದ್ದೆ ಬರುವುದಿಲ್ಲ.

ನನ್ನ ಕೆಲಸವೇ ತೆಂಗಿನ ತಳಿಗಳ ಡಿಎನ್‌ಎ ಹೋಲಿಸಿ ಯಾವುದು ಯಾವುದಕ್ಕೆ ಹತ್ರದ ಸಂಬಂಧ ಅಂತ ನೋಡುವುದು. 2011ರಲ್ಲಿ ಬಂದ ಒಂದು ದೊಡ್ಡ ಸ್ಟಡಿ ಪ್ರಕಾರ ಲೋಕದ ತೆಂಗೆಲ್ಲ ಮುಖ್ಯವಾಗಿ ಎರಡು ಗುಂಪು, ಒಂದು ಪೆಸಿಫಿಕ್ ಕಡೆಯದ್ದು, ಇನ್ನೊಂದು ನಮ್ಮ ಹಿಂದೂ ಮಹಾಸಾಗರದ್ದೂ ಅಟ್ಲಾಂಟಿಕಿನದ್ದೂ ಸೇರಿದ್ದು. ವಾರದಲ್ಲಿ ಆರು ದಿನ ಇಂಥ ಲೆಕ್ಕ ಹಾಕಿ ಅದಕ್ಕೇ ಫೆಲೋಶಿಪ್ ತಗೊಂಡು ಭಾನುವಾರ ಸ್ಟೇಜಲ್ಲಿ ಭೂಮಿಗೆ 6000 ವರ್ಷ ಅಂದ್ರೆ ಅದು ಸುಳ್ಳು. ಲ್ಯಾಬಲ್ಲಿ ನಂಬಿಕೆ ಅಡಗಿಸಿ ಕೂತ್ರೆ ಅದೂ ಸುಳ್ಳೇ ಅಲ್ವಾ? ಇಂಥದ್ದರಲ್ಲಿ ಸಿಕ್ಕಿದವರು ಯಾರಾದ್ರೂ ಇದ್ರೆ ಹೇಳಿ.

ಸುರಂಗದನೀರು:
6000 ಅಂತ ಬೈಬಲಲ್ಲಿ ಎಲ್ಲಿ ಉಂಟು ತೋರಿಸಿ ನೋಡುವ. ಅದು 17ನೇ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಕೂತು ವಂಶಾವಳಿ ಎಲ್ಲ ಕೂಡಿಸಿ ಕ್ರಿ.ಪೂ. 4004 ಅಂತ ತೆಗೆದ ಲೆಕ್ಕ. ಬಂಡೆಯ ಪದರ ಎಲ್ಲ ನೋಹನ ಜಲಪ್ರಳಯದಲ್ಲೇ ಆದದ್ದು ಅಂತ ಈಗ ನಾವು ಕೇಳುವ ಭೂಗರ್ಭಶಾಸ್ತ್ರ ಜೋರಾದದ್ದು 1961ರಲ್ಲಿ ಅಮೆರಿಕದ ವಿಟ್‌ಕಾಂಬ್, ಮಾರಿಸ್ ಅಂತ ಇಬ್ಬರು ಪುಸ್ತಕ ಬರೆದ ಮೇಲೆ.

ನಮ್ಮ ಅಜ್ಜ ಪೈವಳಿಕೆಯಲ್ಲಿ ನೀರಿಗೆ ಅಂತ ಗುಡ್ಡೆಗೆ ಅಡ್ಡಕ್ಕೆ ಸುರಂಗ ಕೊರೆಸಿದವರು, ಮುರಕಲ್ಲು ದಾಟಿ ಮೆತ್ತಗಿನ ಶೇಡಿಮಣ್ಣು ಸಿಗುವಲ್ಲಿವರೆಗೆ. ಮಳೆನೀರು ಬಂಡೆಯ ಸಿಲಿಕಾ ತೊಳೆದು ತೊಳೆದು ಕಬ್ಬಿಣ, ಅಲ್ಯುಮಿನಿಯಂ ಉಳಿದಾಗ ಮುರಕಲ್ಲು ಆಗುವುದು, ಹತ್ತು ನೂರು ಮಳೆಗಾಲದ ಕೆಲಸ ಅಲ್ಲ ಅದು. ಲ್ಯಾಟರೈಟ್ ಅಂತ ಅದಕ್ಕೆ ಹೆಸರಿಟ್ಟ ಬುಕನನ್ 1807ರಲ್ಲಿ ಬರೆದದ್ದು ಇದೇ ಕೇರಳದ ಅಂಗಾಡಿಪ್ಪುರದ ಕಲ್ಲು ನೋಡಿ. ಕ್ಯಾಂಪಿನ ಮಕ್ಕಳನ್ನು ಒಂದು ಸುರಂಗಕ್ಕೆ ಕರ್ಕೊಂಡು ಹೋಗಿ, ಪವರ್‌ಪಾಯಿಂಟ್ ಬೇಡ. (ಬಾವಲಿ ಉಂಟು, ಟಾರ್ಚ್ ಹಿಡ್ಕೊಳ್ಳಿ.)

ವಾಕ್ಯವೇದೀಪ:
ಎಲ್ಲರೂ ಒಂದೇ ಕಡೆ ಮಾತಾಡ್ತೀರಿ ಹಾಗಾಗಿ ಬರೀತೇನೆ. ಹಾರ್ವರ್ಡಲ್ಲಿ ಸ್ಟೀಫನ್ ಜೇ ಗೂಲ್ಡ್ ಅಂಥ ದೊಡ್ಡ ವಿಕಾಸವಾದಿಯ ಕೆಳಗೆ ಪಿಎಚ್‌ಡಿ ಮಾಡಿದ ಕರ್ಟ್ ವೈಸ್ ಆರು ದಿನದ ಸೃಷ್ಟಿ ನಂಬ್ತಾರೆ, ಅವರೇನು ಓದದವರಾ? 2005ರಲ್ಲಿ ಸುಮಾರು 6.8 ಕೋಟಿ ವರ್ಷದ್ದು ಅಂತ ಹೇಳುವ ಟಿ. ರೆಕ್ಸ್ ಡೈನೋಸಾರಿನ ಮೂಳೆಯೊಳಗೆ ಮೆತ್ತಗಿನ ಅಂಶ ಸಿಕ್ಕಿತು, ಅಷ್ಟು ವರ್ಷ ಅದು ಹೇಗೆ ಉಳೀತು? ಪ್ರಶ್ನೆ ಕೇಳಿದ ಕೂಡಲೇ ನಗುವುದು ವಿಜ್ಞಾನ ಅಲ್ಲ. ತಮ್ಮಾ, ನಿನ್ನ ಸೀನಿಯರ್ ನಿನ್ನ ಡೇಟಾ ನೋಡಿ ನಕ್ಕದ್ದಲ್ಲ, ನಿನ್ನ ಜಾತಿ ಧರ್ಮ ನೋಡಿ ನಕ್ಕದ್ದು. ಒಂದು ಮೆಟ್ಟಿಲು ಬಿಟ್ಟುಕೊಟ್ರೆ ನಾಳೆ ಆದಾಮನೂ ಕಥೆ, ನಾಡಿದ್ದು ಪುನರುತ್ಥಾನವೂ ಕಥೆ ಅಂತಾರೆ, ನೆನಪಿಟ್ಟುಕೊ.

ಉಪ್ಪಳಟೀಚರ್:
ನಗಬಾರದಿತ್ತು ಅಂತ ನೀವು ಹೇಳಿದ್ದು ಸರಿ, ನೂರಕ್ಕೆ ನೂರು. ಆದ್ರೆ ಕರ್ಟ್ ವೈಸ್ ಮಾತು ಪೂರ್ತಿ ಹೇಳ್ಬೇಕು. ಲೋಕದ ಎಲ್ಲ ಸಾಕ್ಷ್ಯ ತಿರುಗಿ ನಿಂತ್ರೂ ನಾನು ನಂಬ್ತೇನೆ, ಯಾಕಂದ್ರೆ ವಾಕ್ಯ ಹಾಗೆ ಹೇಳ್ತದೆ ಅನ್ನುವ ಅರ್ಥದಲ್ಲಿ ಅವರೇ ಬರೆದಿದ್ದಾರೆ. ಅದು ಪ್ರಾಮಾಣಿಕ ಮಾತು, ನನಗೆ ಗೌರವ ಉಂಟು, ಆದ್ರೆ ಅದು "ವಿಜ್ಞಾನಿಯ ಸಾಕ್ಷಿ" ಅಲ್ಲ, ವಿಶ್ವಾಸಿಯ ಸಾಕ್ಷಿ. ಇನ್ನು ಆ ಟಿ. ರೆಕ್ಸ್ ಮೂಳೆ, ಅದರ ಹಿಂದೆ ಇದ್ದ ಮೇರಿ ಶ್ವೈಟ್ಜರ್ ಸ್ವತಃ ಕ್ರೈಸ್ತ ವಿಶ್ವಾಸಿ, ಅವರಿಗೇ ತಮ್ಮ ಕೆಲಸವನ್ನು ಎಳೆಯ ಭೂಮಿಗೆ ಪುರಾವೆ ಅಂತ ಎಳೆದಾಡಿದ್ದು ಬೇಸರ. ರಕ್ತದ ಕಬ್ಬಿಣ ಆ ಅಂಶವನ್ನು ಕೆಡದ ಹಾಗೆ ಹಿಡಿದಿಟ್ಟಿರಬಹುದು ಅಂತ ಅವರ ತಂಡವೇ ಆಮೇಲೆ ಪ್ರಯೋಗ ಮಾಡಿ ತೋರಿಸಿತು.

ನಮ್ಮದು ಕೊಂಕಣಿ ಕಥೋಲಿಕ ಮನೆ, ಇಗರ್ಜಿ (ಚರ್ಚ್) ಬೇರೆ, ಆದ್ರೂ ಒಂದು ಕಥೆ ಹೇಳ್ತೇನೆ. ಬಿಗ್ ಬ್ಯಾಂಗ್ ಯೋಚನೆಯ ಮೂಲಪುರುಷ ಜಾರ್ಜ್ ಲೆಮೇತ್ರ್ ಬೆಲ್ಜಿಯಂನ ಒಬ್ಬ ಪಾದ್ರಿ. ವಿಶ್ವ ಹಿಗ್ಗುತ್ತಾ ಉಂಟು ಅಂತ 1927ರಲ್ಲೇ ಬರೆದವರು. 1951ರಲ್ಲಿ ಪೋಪ್ 12ನೇ ಪಿಯುಸ್ ಭಾಷಣದಲ್ಲಿ ಈ ಹೊಸ ವಿಜ್ಞಾನ ಸೃಷ್ಟಿಗೆ ಸಾಕ್ಷಿ ಹೇಳ್ತದೆ ಅನ್ನುವ ಹಾಗೆ ಮಾತಾಡಿದ್ರು. ಬೇರೆಯವರಾಗಿದ್ರೆ ಹಿಗ್ಗಿ ಹೀರೇಕಾಯಿ ಆಗ್ತಿದ್ರು. ಈ ಫಾದರಿಗೆ ಕಸಿವಿಸಿ ಆಯ್ತು. ನನ್ನ ಥಿಯರಿ ನಾಳೆ ಬಿದ್ದು ಹೋಗಬಹುದು, ಸೃಷ್ಟಿಕರ್ತನನ್ನು ಅದಕ್ಕೆ ಕಟ್ಟಿ ಹಾಕಬೇಡಿ ಅನ್ನುವುದು ಅವರ ನಿಲುವು. ಆಮೇಲೆ ಪೋಪ್ ಆ ರೀತಿ ಮಾತಾಡುವುದು ಬಿಟ್ಟರು. ವಿಕಾಸವಾದದ ವಿಷಯಕ್ಕೆ ಬಂದ್ರೆ 2ನೇ ಜಾನ್ ಪೌಲ್ 1996ರಲ್ಲಿ ಅದು ಬರೀ ಊಹೆಗಿಂತ ಹೆಚ್ಚಿನದ್ದು ಅಂತ ಒಪ್ಪಿಯಾಗಿದೆ.

ಹಾಗಾಗಿ ಮಗಾ, ನೀನು ಡಾರ್ವಿನ್ನನ್ನು ಸೋಲಿಸ್ಲಿಕ್ಕೆ ಹೋಗುವುದಲ್ಲ ಅಂತ ಅಯ್ಯನವರಿಗೆ ಈಗಲೇ ಫೋನ್ ಮಾಡಿ ಹೇಳು, ಸ್ಟೇಜ್ ಹತ್ತಿದ ಮೇಲೆ ಅಲ್ಲ. ದೇವರು ಮಾಡಿದ ಅನ್ನುವುದು ನನ್ನ ವಿಶ್ವಾಸ, ಹೇಗೆ, ಎಷ್ಟು ಕಾಲದಲ್ಲಿ ಅನ್ನುವುದನ್ನು ನಾನು ಲ್ಯಾಬಲ್ಲಿ ಹುಡುಕ್ತೇನೆ. ಇದೇ ವಾಕ್ಯ ಊಟದ ಟೇಬಲಲ್ಲೂ ಹೇಳು, ನಗಾಡಿದ್ರೆ ನಗಾಡ್ಲಿ.

ತೆಂಗಿನಗರಿ:
ಟೀಚರ್, ಥ್ಯಾಂಕ್ಸ್. ಅಯ್ಯನವರಿಗೆ ಫೋನ್ ಮಾಡಿದೆ. ಲೆಮೇತ್ರ್ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ರು, ಆಮೇಲೆ "ಅವ್ರು ಕಥೋಲಿಕರಲ್ವಾ" ಅಂದ್ರು. ಅಂತೂ ಹೆಡ್ಡಿಂಗ್ "ಸೃಷ್ಟಿ ಮತ್ತು ನನ್ನ ಕೆಲಸ" ಅಂತ ಬದಲಾಗ್ತದೆ, ಸುರಂಗಕ್ಕೂ ಒಪ್ಪಿದ್ರು. ವಾಕ್ಯವೇದೀಪ ಅಣ್ಣಾ, ಮೆಟ್ಟಿಲಿನ ಮಾತು ನನ್ನೊಳಗೂ ಉಂಟು, ಅದಕ್ಕೆ ಈಗ ಉತ್ತರ ಇಲ್ಲ, ಕ್ಯಾಂಪಿಗೆ ಬನ್ನಿ.

ಮತ್ತೆ ಒಂದು. ಹಳೇ ಪೋಸ್ಟರ್ ಯಾರದ್ದೋ ಸ್ಟೇಟಸಲ್ಲಿ ನಮ್ಮ ಗೈಡಿಗೆ ಕಂಡಿದೆ. ಡಾರ್ವಿನ್ ಬಗ್ಗೆ ಒಂದಕ್ಷರ ಕೇಳ್ಲಿಲ್ಲ. "ಡಾ. ಆದದ್ದು ಯಾವಾಗ?" ಅಂತ ಮಾತ್ರ.