ಲಾರ್ಡ್ ಲೂಕನ್ ಮುಳುಗಿದನೋ, ಪಾರಾದನೋ?

ಪ್ರಸನ್ನ: 1974ರ ನವೆಂಬರ್ 7, ಗುರುವಾರ ರಾತ್ರಿ. ಲಂಡನ್ನಿನ ಲೋಯರ್ ಬೆಲ್‌ಗ್ರೇವ್ ಸ್ಟ್ರೀಟಿನ ಮನೆಯೊಂದರ ನೆಲಮಾಳಿಗೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ 29ರ ಹೆಣ್ಣುಮಗಳ ಕೊಲೆಯಾಯಿತು. ಆ ಮನೆಯೊಡತಿ, ಅಂದರೆ ಬ್ರಿಟನ್ನಿನ ಸಿರಿವಂತ ಮನೆತನದ ಲಾರ್ಡ್ ಲೂಕನ್‌ನ ಹೆಂಡತಿ, ಮೈತುಂಬ ರಕ್ತದೊಂದಿಗೆ ಹತ್ತಿರದ ಪಬ್ಬಿಗೆ ಓಡಿಬಂದು, ತನ್ನನ್ನೂ ಹೊಡೆದದ್ದು ದೂರವಾಗಿದ್ದ ಗಂಡನೇ ಅಂದಳು. ಅವನು ಲಂಡನ್ನಿನ ದಕ್ಷಿಣಕ್ಕಿರೋ ಅಕ್‌ಫೀಲ್ಡ್ ಊರಿನ ಗೆಳೆಯರ ಮನೆಯಲ್ಲಿ ಪತ್ರ ಬರೆದು ಹೊರಟವನು ಮತ್ತೆ ಸಿಗಲಿಲ್ಲ. ಸ್ನೇಹಿತನಿಂದ ಪಡೆದಿದ್ದ ಫೋರ್ಡ್ ಕೋರ್ಸೇರ್ ಕಾರು ಮಾತ್ರ ನ್ಯೂಹೇವನ್ ಬಂದರೂರಿನ ರಸ್ತೆಯಲ್ಲಿ ಭಾನುವಾರ ಸಿಕ್ಕಿತು. ಒಳಗೆ ರಕ್ತದ ಕಲೆ, ಡಿಕ್ಕಿಯಲ್ಲಿ ಪಟ್ಟಿ ಸುತ್ತಿದ ಸೀಸದ ಪೈಪು. ಅಂಥದ್ದೇ ಪೈಪು ಕೊಲೆಯಾದ ಮನೆಯಲ್ಲೂ ಇತ್ತು. ಅವನೇನಾದ ಅಂತೀರಿ?

ರಾಘು, ಧಾರವಾಡ: ಇದರಾಗ ಸಂಶಯ ಏನೈತ್ರಿ? ಮಕ್ಕಳ ಸಲುವಾಗಿ ಹಾಕಿದ ಕೇಸು ಸೋತಿದ್ದ, ಜೂಜಿನ ಸಾಲ ಕುತ್ತಿಗಿ ಮಟ ಬಂದಿತ್ತು. ಪಾಸ್‌ಪೋರ್ಟ್ ಫ್ಲ್ಯಾಟಿನಾಗೇ ಬಿದ್ದಿತ್ತು. ಓಡಿಹೋಗಾಂವ ಅದನ್ನ ಬಿಟ್ಟು ಹೊಂಟಾನೇನ್ರಿ? ಸಮುದ್ರಕ್ಕ ಹಾರಿಕೊಂಡಾನ.

ವಿದ್ಯಾ: ರಾಘು ಅವರೇ, ಅದೇ ತಿಂಗಳು ಬ್ರಿಟನ್ ಸಂಸದ ಜಾನ್ ಸ್ಟೋನ್‌ಹೌಸ್ ಮಯಾಮಿಯ ದಡದಲ್ಲಿ ಬಟ್ಟೆ ಬಿಟ್ಟು ಮುಳುಗಿಹೋದಂತೆ ನಾಟಕ ಆಡಿದ. ಸತ್ತವರ ಹೆಸರಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದ. ಡಿಸೆಂಬರ್ 24ಕ್ಕೆ ಮೆಲ್ಬರ್ನ್‌ನಲ್ಲಿ ಸಿಕ್ಕಿಬಿದ್ದಾಗ ಪೊಲೀಸರಿಗೆ ಮೊದಲು ಇವನೇ ಲೂಕನ್ ಅನ್ನೋ ಗುಮಾನಿ! ದಡದಲ್ಲಿ ಬಟ್ಟೆ ಬಿಟ್ಟವನನ್ನು ನಂಬಬಾರದು ಅಂದಮೇಲೆ ಬಂದರಿನಲ್ಲಿ ಕಾರು ಬಿಟ್ಟವನನ್ನು ಯಾಕೆ ನಂಬಬೇಕು?

ರಾಘು, ಧಾರವಾಡ: ಸ್ಟೋನ್‌ಹೌಸ್ ಮೊದಲ ಎಲ್ಲಾ ತಯಾರಿ ಮಾಡ್ಕೊಂಡಿದ್ದ, ಮೇಡಂ. ಇಂವಗ ಸಿಕ್ಕಿದ್ದು ಒಂದ ರಾತ್ರಿ.

ವಿದ್ಯಾ: ಅವನು ಜೂಜಾಡುತ್ತಿದ್ದ ಕ್ಲರ್ಮಾಂಟ್ ಕ್ಲಬ್ಬಿನ ಶ್ರೀಮಂತ ಗೆಳೆಯರಿದ್ದರಲ್ಲ? ಅಂಥವರಿಗೆ ಒಂದು ದೋಣಿ ಗೊತ್ತುಮಾಡೋದು ದೊಡ್ಡದಲ್ಲ.

ಸದಾಶಿವ, ಕಾರವಾರ: ಇಂಥ ಊಹೆ ನಮ್ಮ ಪಕ್ಕದ ಗೋವಾಕ್ಕೂ ಬಂದು ಮುಟ್ಟಿತ್ತು. ಅಲ್ಲಿ ಗಡ್ಡ ಬಿಟ್ಟುಕೊಂಡು ಬದುಕಿದ್ದ ‘ಜಂಗಲ್ ಬ್ಯಾರಿ’ಯೇ ಲೂಕನ್ ಅಂತ 2003ರಲ್ಲಿ ಫೋಟೋ ಸಮೇತ ಸುದ್ದಿಯಾಯಿತು. ಅವನು ಇಂಗ್ಲೆಂಡಿನ ಜಾನಪದ ಹಾಡುಗಾರ ಅಂತ ಹಳೇ ಗೆಳೆಯರು ನೋಡಿದ ಕೂಡಲೇ ಗುರುತು ಹಿಡಿದರು. ಅಷ್ಟರಲ್ಲಿ ಆ ಬಡಪಾಯಿ ತೀರಿಹೋಗಿದ್ದ. ಹೆಣ ಸಿಗಲಿಲ್ಲ ಅನ್ನೋದನ್ನೇ ಬದುಕಿರೋದಕ್ಕೆ ಸಾಕ್ಷಿ ಮಾಡಬೇಡಿ. ಕಡಲಿಗೆ ಹೋದವರೆಲ್ಲ ದಡಕ್ಕೆ ಬರೋದಿಲ್ಲ, ನಮ್ಮೂರಲ್ಲಿ ಯಾವ ಮೀನುಗಾರರನ್ನು ಬೇಕಾದರೂ ಕೇಳಿ.

ಪ್ರಸನ್ನ: ನನ್ನನ್ನು ಕಾಡೋದು ಹೊತ್ತಿನ ಲೆಕ್ಕ. ರಾತ್ರಿ 1.15ರ ಸುಮಾರಿಗೆ ಅಕ್‌ಫೀಲ್ಡ್ ಬಿಟ್ಟ. ನ್ಯೂಹೇವನ್ ಅಲ್ಲಿಂದ ಸುಮಾರು 25 ಕಿ.ಮೀ. ಆದರೆ ಕಾರು ಬಂದು ನಿಂತದ್ದು ಬೆಳಗ್ಗೆ 5ರಿಂದ 8ರ ನಡುವೆ. ಕಡಿಮೆ ಅಂದರೂ ಮೂರ್ನಾಲ್ಕು ಗಂಟೆ ಎಲ್ಲಿದ್ದ? ಕಾರು ತಂದು ಬಿಟ್ಟವನು ಅವನೇ ಅನ್ನೋದಾದರೂ ಗಟ್ಟಿಯಾ?

ಮೀನಾಕ್ಷಿ: ಎಲ್ಲರೂ ಲಾರ್ಡ್ ಹಿಂದೆಯೇ ಓಡುತ್ತಿದ್ದೀರಿ. ಆ ಹುಡುಗಿಗೆ ಗುರುವಾರ ರಜೆ, ಆ ವಾರ ದಿನ ಬದಲಾಯಿಸಿಕೊಂಡಿದ್ದಳು. ನೆಲಮಾಳಿಗೆಯ ಬಲ್ಬ್ ಬಿಚ್ಚಿಟ್ಟಿತ್ತು. ಕತ್ತಲಲ್ಲಿ ಹೆಂಡತಿ ಅಂದುಕೊಂಡು ಇವಳನ್ನು ಹೊಡೆದ ಅಂತ ಪೊಲೀಸರ ವಾದ. 1975ರ ಜೂನ್‌ನಲ್ಲಿ ಮರಣ ವಿಚಾರಣೆಯ ಜ್ಯೂರಿ ಲೂಕನ್ನೇ ಕೊಲೆಗಾರ ಅಂತ ಹೆಸರಿಸಿತು, ಆದರೆ ಕಟಕಟೆಗೆ ತರೋದಕ್ಕೆ ಆಳೇ ಇಲ್ಲ. 2016ರಲ್ಲಿ ಲೂಕನ್‌ನ ಮರಣಪತ್ರ ಸಿಕ್ಕಿ ಮಗನಿಗೆ ಅಪ್ಪನ ಲಾರ್ಡ್ ಪದವಿ ಬಂತು. ಸತ್ತವಳ ಕಡೆಯವರಿಗೆ ಏನು ಸಿಕ್ಕಿತು?

ರಾಘು, ಧಾರವಾಡ: ಅಕ್ಕಾರ ಮಾತು ಖರೇ. ಪ್ರಸನ್ನ ಅವರ, ಆ ಮೂರ್ನಾಲ್ಕು ತಾಸಿಗೆ ಮಾತ್ರ ನನ್ನ ಹತ್ರನೂ ಉತ್ತರ ಇಲ್ರಿ.